ಕರಗಿದ ಪಾಲಿಮರ್ ಗೋಡೆಯ ಮೇಲೆ ಜಾರುವುದು: ಎರಡು ಡೈ ಇಟ್ಟು ಹಿಡಿಯುವ ಲೆಕ್ಕ

ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ತೋಟದ ಸಾಲುಗಳಲ್ಲಿ ಎಳೆದಿರುವ ಕಪ್ಪು ಡ್ರಿಪ್ ಪೈಪು ನೋಡಿರುತ್ತೀರಿ. ಅದಕ್ಕೆ ಬಳಸುವುದು ಹೆಚ್ಚಾಗಿ ಎಲ್‌ಎಲ್‌ಡಿಪಿಇ, ಅಂದರೆ ಒಂದು ಬಗೆಯ ಪಾಲಿಎಥಿಲೀನ್ ಪ್ಲಾಸ್ಟಿಕ್. ಒಳ್ಳೆಯ ಪೈಪಿನ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯುವುದಿಲ್ಲ. ಇದೇ ಮಾಲನ್ನು ಕರಗಿಸಿ ಡೈಯಿಂದ, ಅಂದರೆ ಆಕಾರ ಕೊಡುವ ಲೋಹದ ತೂತಿನಿಂದ, ಜೋರಾಗಿ ಹೊರಗೆ ದೂಡಿದರೆ ಹೊಳಪು ಹೋಗುತ್ತದೆ, ಸಣ್ಣ ಅಡ್ಡಗೆರೆಗಳು ಉಗುರಿಗೆ ಸಿಗುತ್ತವೆ. ಇದಕ್ಕೆ ಶಾರ್ಕ್‌ಸ್ಕಿನ್ ಎನ್ನುತ್ತಾರೆ.

ಗೋಡೆಗೆ ತಾಗಿದ ದ್ರವದ ವೇಗ ಸೊನ್ನೆ ಎಂದು ನಾವೆಲ್ಲ ಓದಿದ್ದೇವೆ, ಅಲ್ವಾ? ಪೈಪಿನಲ್ಲಿ ಹರಿಯುವ ನೀರಿಗೆ ಅದು ಸರಿ. ಆದರೆ ಗೋಡೆಯ ಹತ್ತಿರ ದ್ರವ ಜಾರಲೂಬಹುದು ಎಂದು ಫ್ರೆಂಚ್ ಇಂಜಿನಿಯರ್ ನೇವಿಯರ್ 1823ರಲ್ಲೇ ಹೇಳಿದ್ದ. ಜಾರುವ ವೇಗ ಅಲ್ಲಿನ ಶಿಯರ್ ರೇಟ್‌ಗೆ (ಗೋಡೆಯಿಂದ ದೂರ ಹೋದಂತೆ ವೇಗ ಏರುವ ದರ) ಅನುಪಾತದಲ್ಲಿರುತ್ತದೆ. ಎರಡನ್ನೂ ಜೋಡಿಸುವ ಗುಣಕವೇ ಸ್ಲಿಪ್ ಲೆಂತ್. ಇದು ದ್ರವದ ಸ್ನಿಗ್ಧತೆಯನ್ನು (ಹರಿಯಲು ಒಡ್ಡುವ ತಡೆ) ಗೋಡೆಯ ಘರ್ಷಣೆಯಿಂದ ಭಾಗಿಸಿದಷ್ಟು. ಪಾಲಿಮರ್‌ನ ಉದ್ದ ಸರಪಳಿಗಳು ಒಂದಕ್ಕೊಂದು ಸಿಕ್ಕು ಬಿದ್ದಿರುವುದರಿಂದ ಸ್ನಿಗ್ಧತೆ ಭಾರೀ ಜಾಸ್ತಿ. ನಯವಾದ, ಅಂಟು ಹಿಡಿಸದ ಗೋಡೆಯಲ್ಲಿ ಘರ್ಷಣೆ ಮಾತ್ರ ಕಡಿಮೆ. ಹಾಗಾಗಿ ಸ್ಲಿಪ್ ಲೆಂತ್ ತುಂಬಾ ದೊಡ್ಡದಾಗುತ್ತದೆ ಎಂದು 1979ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಡಿ ಜೆನ್ ತೋರಿಸಿದ.

ನಿಜವಾದ ಲೋಹದ ಡೈಯಲ್ಲಿ ಕೆಲವು ಸರಪಳಿಗಳು ಗೋಡೆಗೆ ಅಂಟಿರುತ್ತವೆ, ಅವು ಹರಿಯುವ ಮಾಲಿನ ಜೊತೆಗೂ ಸಿಕ್ಕಿಕೊಂಡಿರುತ್ತವೆ. ಸ್ಟ್ರೆಸ್ (ಮಾಲು ಗೋಡೆಯನ್ನು ಹರಿವಿನ ದಿಕ್ಕಿಗೆ ಎಳೆಯುವ ಬಲ, ವಿಸ್ತೀರ್ಣದ ಲೆಕ್ಕದಲ್ಲಿ) ಏರಿದಂತೆ ಎರಡರಲ್ಲಿ ಒಂದಾಗುತ್ತದೆ. ಅಂಟು ಕಿತ್ತುಬರುತ್ತದೆ, ಇಲ್ಲವೇ ಅಂಟಿದ ಸರಪಳಿ ನೆಟ್ಟಗೆ ಚಾಚಿಕೊಂಡು ಸಿಕ್ಕಿನಿಂದ ಬಿಡಿಸಿಕೊಳ್ಳುತ್ತದೆ. ಪಾಲಿಎಥಿಲೀನ್‌ನಲ್ಲಿ ಇದು ಶುರುವಾಗುವುದು ಸುಮಾರು 0.1 ಮೆಗಾಪಾಸ್ಕಲ್ ಸ್ಟ್ರೆಸ್ ಹತ್ತಿರ.

ಇಲ್ಲಿ ತುಂಬಾ ಜನ ಗೊಂದಲಕ್ಕೆ ಬೀಳುತ್ತಾರೆ: ಜಾರುವುದೇ ಶಾರ್ಕ್‌ಸ್ಕಿನ್‌ಗೆ ಕಾರಣ ಅಂದುಕೊಳ್ಳುತ್ತಾರೆ. ಆ ಗೆರೆಗಳು ಹುಟ್ಟುವುದು ಡೈಯ ಬಾಯಲ್ಲಿ. ಗೋಡೆಗೆ ಹತ್ತಿ ನಿಂತಿದ್ದ ಪದರ ಹೊರಬಿದ್ದ ಕೂಡಲೇ ಒಳಗಿನ ಮಾಲಿನ ವೇಗಕ್ಕೆ ಬರಬೇಕು. ಮೇಲ್ಮೈ ಜಗ್ಗಿ ಸೀಳುತ್ತದೆ. ಮೊದಲೇ ಸಮನಾಗಿ ಜಾರುತ್ತಿದ್ದರೆ ಜಗ್ಗಾಟ ಕಡಿಮೆ. ಮಾಲಿಗೆ ಕೆಲವು ನೂರು ಪಿಪಿಎಂ (ಹತ್ತು ಲಕ್ಷದಲ್ಲಿ ಕೆಲವು ನೂರು ಪಾಲು) ಫ್ಲೋರೊಪಾಲಿಮರ್, ಅಂದರೆ ಫ್ಲೋರಿನ್ ಇರುವ ಅಂಟದ ಪ್ಲಾಸ್ಟಿಕ್, ಬೆರೆಸುವುದು ಇದಕ್ಕಾಗಿಯೇ: ಅದು ನಿಧಾನವಾಗಿ ಡೈಗೆ ಲೇಪವಾಗಿ ಕೂರುತ್ತದೆ, ಮಾಲು ಅದರ ಮೇಲೆ ಜಾರುತ್ತದೆ, ಪೈಪು ನುಣ್ಣಗೆ ಬರುತ್ತದೆ. ಕೆಡುಕು ಇರುವುದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಜಾರುವುದರಲ್ಲಿ. ಆಗ ಮಾಲನ್ನು ದೂಡುವ ಪಿಸ್ಟನ್ ಒಂದೇ ವೇಗದಲ್ಲಿ ಹೋದರೂ ಒತ್ತಡ ಏರಿಳಿಯುತ್ತದೆ, ಹೊರಬರುವ ಎಳೆ ಒಂದು ತುಂಡು ನುಣುಪು, ಒಂದು ತುಂಡು ಒರಟು.

ಇನ್ನು ಅಳತೆ. ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. 1931ರಲ್ಲಿ ಭೌತವಿಜ್ಞಾನಿ ಮೂನಿ ಕೊಟ್ಟ ವಿಧಾನ. ಗೋಡೆಯ ಸ್ಟ್ರೆಸ್ ಒಂದೇ ಇಟ್ಟು ಬೇರೆ ಬೇರೆ ವ್ಯಾಸದ ಡೈ ಹಾಕಿ. ಜಾರದಿದ್ದರೆ ತೋರಿಕೆಯ ಶಿಯರ್ ರೇಟ್ (8 × ಸರಾಸರಿ ವೇಗ ÷ ವ್ಯಾಸ) ಎಲ್ಲದರಲ್ಲೂ ಒಂದೇ ಬರಬೇಕು. ಜಾರಿದರೆ ಅದಕ್ಕೆ 8 × ಜಾರುವ ವೇಗ ÷ ವ್ಯಾಸ ಕೂಡಿಕೊಳ್ಳುತ್ತದೆ.

ಲೆಕ್ಕಕ್ಕೆ ಸುಮ್ನೆ ಹೀಗೆ ಇಟ್ಟುಕೊಳ್ಳೋಣ. ತೋರಿಕೆಯ ಶಿಯರ್ ರೇಟ್ 1 ಮಿಮೀ ಡೈಯಲ್ಲಿ ಸೆಕೆಂಡಿಗೆ 180, 2 ಮಿಮೀ ಡೈಯಲ್ಲಿ 140 ಬಂತು. ವ್ಯತ್ಯಾಸ 40. 1/ವ್ಯಾಸದ ವ್ಯತ್ಯಾಸ 0.5. 40 ಅನ್ನು 8 × 0.5ರಿಂದ ಭಾಗಿಸಿದರೆ ಜಾರುವ ವೇಗ ಸೆಕೆಂಡಿಗೆ 10 ಮಿಮೀ. ಜಾರಿಕೆ ತೆಗೆದರೆ ಉಳಿಯುವುದು 100. ಈಗ ಸರಾಸರಿ ವೇಗ ನೋಡಿ: ಸೆಕೆಂಡಿಗೆ ಸಣ್ಣ ಡೈಯಲ್ಲಿ 22.5, ದೊಡ್ಡದರಲ್ಲಿ 35 ಮಿಮೀ. ಜಾರಿಕೆ ಎರಡರಲ್ಲೂ 10 ಆದರೂ ಸಣ್ಣದರಲ್ಲಿ ಅದು ಹರಿವಿನ 44%, ದೊಡ್ಡದರಲ್ಲಿ 29% ಮಾತ್ರ. ಕಿರಿದಾದ ದಾರಿಯಲ್ಲಿ ಜಾರಿಕೆಯ ಪಾಲು ದೊಡ್ಡದು.

ಉದ್ದ ÷ ವ್ಯಾಸ ಎಲ್ಲ ಡೈಗಳಿಗೂ ಒಂದೇ ಇರಲಿ, ಮಾಲು ಡೈಯೊಳಗೆ ನುಗ್ಗುವಾಗಿನ ಒತ್ತಡ ನಷ್ಟವನ್ನು ಮೊದಲೇ ಕಳೆಯಿರಿ. ಎರಡೇ ಬಿಂದುಗಳಿದ್ದರೆ ಅವು ಸರಿಯಿರಲಿ ತಪ್ಪಿರಲಿ ಒಂದು ನೇರ ಗೆರೆ ಕೂತೇ ಕೂರುತ್ತದೆ, ಅದಕ್ಕೇ ಮೂರನೇ ಡೈ ಬೇಕು. ಮೇಲಿನ ಲೆಕ್ಕದಲ್ಲಿ 1.5 ಮಿಮೀ ಡೈಗೆ ಸುಮಾರು 153 ಬರಬೇಕು. ಬರದಿದ್ದರೆ, ಅಥವಾ ಜಾರಿಕೆ ಕಳೆದ ಮೇಲೆ ಉಳಿಯುವ ಸಂಖ್ಯೆ ಸೊನ್ನೆಗಿಂತ ಕೆಳಗಿಳಿದರೆ, ಘರ್ಷಣೆಯಿಂದ ಮಾಲು ಬಿಸಿಯಾಗುತ್ತಿದೆಯೇ, ಒತ್ತಡಕ್ಕೆ ಸ್ನಿಗ್ಧತೆ ಬದಲಾಗುತ್ತಿದೆಯೇ ಎಂದು ಮೊದಲು ನೋಡಿ.