ಮೊದಲು ಚಾವಣಿ, ಆಮೇಲೆ ಪ್ರೊಜೆಕ್ಟರ್

ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಮನೆಗಳಲ್ಲಿ ಗಾಲ್ಫ್ ಸಿಮ್ಯುಲೇಟರ್ ಜೋಡಿಸಿಕೊಡುವ ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಧಾಟಿಯವು. "ಲಾಂಚ್ ಮಾನಿಟರ್ ಬಂದಿದೆ, ಪ್ರೊಜೆಕ್ಟರ್ ಬಂದಿದೆ, ಪರದೆ ದಾರಿಯಲ್ಲಿದೆ. ಯಾವಾಗ ಬಂದು ಜೋಡಿಸುತ್ತೀರಿ?" ಪರದೆಯತ್ತ ಹೊಡೆದ ಚೆಂಡಿನ ವೇಗ, ದಿಕ್ಕನ್ನು ಲಾಂಚ್ ಮಾನಿಟರ್ ಅಳೆಯುತ್ತದೆ, ಪ್ರೊಜೆಕ್ಟರ್ ಮೈದಾನವನ್ನೇ ಪರದೆಯ ಮೇಲೆ ತೋರಿಸುತ್ತದೆ; ಮನೆಯೊಳಗೇ ಆಟ. ಆಸೆ ತಪ್ಪಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮೈದಾನಕ್ಕೆ ಇಳಿಯಲಾಗದೆ ಗಾಲ್ಫ್ ಆಡುವವರು ಪಡುವ ಚಡಪಡಿಕೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆದರೆ ಕೋಣೆಯ ಎತ್ತರವೆಷ್ಟು ಎಂದು ಕೇಳಿದರೆ ಎಲ್ಲರ ಉತ್ತರವೂ "ಹತ್ತು ಅಡಿ". ಆ ಹತ್ತು ಅಡಿಯನ್ನು ನಂಬುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಹಾಸನದ ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಯನ್ನೇ ತೆಗೆದುಕೊಳ್ಳಿ. ನಕ್ಷೆಯಲ್ಲಿರುವ ಹತ್ತು ಅಡಿ ಸಾಮಾನ್ಯವಾಗಿ ಒಂದು ಅಂತಸ್ತಿನ ನೆಲದಿಂದ ಮೇಲಿನ ಅಂತಸ್ತಿನ ನೆಲಕ್ಕೆ ಹಿಡಿದ ಅಳತೆ. ಅದರಲ್ಲಿ ಆರ್‌ಸಿಸಿಗೆ ಐದು ಅಂಗುಲ, ಟೈಲ್ಸ್ ಮತ್ತು ಅದರ ಕೆಳಗಿನ ಗಾರೆಗೆ ಮೂರು ಅಂಗುಲ ಕಳೆಯಿರಿ. ಉಳಿದದ್ದು ಒಂಬತ್ತು ಅಡಿ ನಾಲ್ಕು ಅಂಗುಲ. ಒಳಾಂಗಣದವರು ಪಿಒಪಿ ಫಾಲ್ಸ್ ಸೀಲಿಂಗ್ ಹಾಕಿ ಇನ್ನು ಆರು ಅಂಗುಲ ನುಂಗುತ್ತಾರೆ. ನಿಂತು ಹೊಡೆಯುವ ಚಾಪೆ, ಅದರ ಕೆಳಗಿನ ಹಲಗೆ ಸೇರಿ ಎರಡು ಅಂಗುಲ. ಕೊನೆಗೆ ಆಡುವವನಿಗೆ ದಕ್ಕುವುದು ಎಂಟು ಅಡಿ ಎಂಟು ಅಂಗುಲ. ಅದೂ ನಡುವೆ ತೊಲೆ ಇಳಿದಿರದಿದ್ದರೆ, ಫ್ಯಾನ್ ತೂಗಾಡುತ್ತಿರದಿದ್ದರೆ.

"ಸಾಕಲ್ಲವೇ? ನಾನು ಇರುವುದೇ ಐದೂವರೆ ಅಡಿ" ಎನ್ನುತ್ತಾರೆ. ನನ್ನ ತಾಳ್ಮೆ ತಪ್ಪುವುದು ಇಲ್ಲೇ. ಚೆಂಡನ್ನು ದೂರ ಹೊಡೆಯಲು ಬಳಸುವ ಡ್ರೈವರ್ ಕೋಲು ಸುಮಾರು ನಲವತ್ತೈದು ಅಂಗುಲ, ಅಂದರೆ ಮೂರೂಮುಕ್ಕಾಲು ಅಡಿ. ಅದನ್ನು ಹಿಡಿದ ಕೈಗಳು ಭುಜದಿಂದ ಮೇಲೇರಿ ಬೀಸುವಾಗ ಕೋಲಿನ ತಲೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ನಿಮ್ಮ ಎತ್ತರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕೋಲನ್ನು ಮೈ ಸುತ್ತ ಬಳಸಿ ಬೀಸುವ ಆರಡಿ ಆಳಿಗೆ ಸಾಕಾದ ಚಾವಣಿ, ನೆಟ್ಟಗೆ ಮೇಲಕ್ಕೆತ್ತಿ ಬೀಸುವ ಕುಳ್ಳನಿಗೆ ಸಾಲದೆ ಹೋಗಬಹುದು. ಹೊಡೆತಕ್ಕೆ ಮುನ್ನ ಕೋಲು ಏರುವಾಗ ತಗಲದಿದ್ದರೂ, ಹೊಡೆದ ಮೇಲೆ ಇನ್ನೊಂದು ಕಡೆ ಏರುವಾಗ ತಗಲೀತು. ಹಾಗಾಗಿ ಒಂಬತ್ತು ಅಡಿಯಲ್ಲಿ ಕೆಲವರು ನಿಭಾಯಿಸುತ್ತಾರೆ ಎಂದಷ್ಟೇ ಹೇಳಬಲ್ಲೆ. ಎಲ್ಲ ಲೆಕ್ಕ ಕಳೆದ ಮೇಲೂ ಹತ್ತು ಅಡಿ ಉಳಿದರೆ ನೆಮ್ಮದಿ.

ತಗಲದಿದ್ದರೆ ಸಾಕು ಎಂಬ ವಾದವೂ ಸರಿಯಲ್ಲ. ತಲೆಯ ಮೇಲೆ ನಾಲ್ಕೇ ಅಂಗುಲ ಬಿಡುವಿದೆ ಎಂದು ಗೊತ್ತಾದ ಮೈ ತಾನಾಗಿಯೇ ಬಿಗಿಯುತ್ತದೆ, ಬೀಸು ಮೊಟಕಾಗುತ್ತದೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಕೋಣೆಯಲ್ಲಿ ಕೆಟ್ಟ ಅಭ್ಯಾಸ ಕಲಿತು ಮೈದಾನಕ್ಕೆ ಹೋಗುತ್ತೀರಿ.

ಮೂಡಿಗೆರೆ ಹತ್ತಿರದ ತೋಟದ ಮಾಲೀಕರೊಬ್ಬರು ತಮ್ಮ ಅಳತೆಗೆ ಸರಿಯಾಗಿ ಕೋಣೆ ಮಾಡಿಸಿಕೊಂಡಿದ್ದರು. ಬೇರೆಯವರ ಕೆಲಸ, ನನ್ನನ್ನು ಕರೆದದ್ದು ಆಮೇಲೆ. ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಆರಡಿಯ ಮೇಲಿದ್ದ. ನಾನು ಹೋದಾಗ ಪಿಒಪಿಯಲ್ಲಿ ಬಿದಿಗೆ ಚಂದ್ರನಂಥ ಗೀರು, ಅದರ ಪಕ್ಕದಲ್ಲೇ ಗಾಜು ಒಡೆದ ಸ್ಪಾಟ್‌ಲೈಟ್. ಅಪ್ಪ, ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನನಗೆ ಕಾಫಿ ಕೊಟ್ಟರು. ಕಾಫಿ ಮಾತ್ರ ಸೊಗಸಾಗಿತ್ತು.

ಆದ್ದರಿಂದ ಟೇಪನ್ನು ಒಳಗಿಡಿ. ಮನೆಯಲ್ಲಿ ಆಡುವವರನ್ನೆಲ್ಲ ಆ ಕೋಣೆಗೆ ಕರೆಯಿರಿ. ಡ್ರೈವರ್‌ನ ತಲೆಗೆ ದಪ್ಪ ಕಾಲುಚೀಲ ತೊಡಿಸಿ, ಚಾಪೆಯ ದಪ್ಪದಷ್ಟೇ ಎತ್ತರದ ಹಲಗೆಯ ಮೇಲೆ ನಿಲ್ಲಿಸಿ, ಮೊದಲು ನಿಧಾನವಾಗಿ, ಆಮೇಲೆ ಪೂರ್ತಿ ಬೀಸಿಸಿ. ಇನ್ನೊಬ್ಬರು ದೂರ ನಿಂತು ನೋಡಲಿ. ಒಂದಡಿ ಬಿಡುವಿದ್ದರೆ ಆಗ ಪೆಟ್ಟಿಗೆಗಳನ್ನು ತರಿಸಿ.

ಉದ್ದಗಲದ ಬಗ್ಗೆ ಕಂಪನಿಯ ಕೈಪಿಡಿ ಓದಿದರೆ ಸಾಕು: ರೇಡಾರ್ ಬಗೆಯ ಲಾಂಚ್ ಮಾನಿಟರ್‌ಗೆ ಚೆಂಡಿನ ಹಿಂದೆ ಏಳೆಂಟು ಅಡಿ, ಮುಂದೆಯೂ ಅಷ್ಟೇ ಬೇಕಾಗುತ್ತದೆ, ಪಕ್ಕದಲ್ಲಿ ಕೂರುವ ಕ್ಯಾಮೆರಾ ಬಗೆಯದು ಚಿಕ್ಕ ಕೋಣೆಗೂ ಒಗ್ಗುತ್ತದೆ. ಪರದೆಯನ್ನು ಗೋಡೆಗೆ ಅಂಟಿಸಬೇಡಿ, ಹಿಂದೆ ಒಂದಡಿ ಬಿಡಿ. 46 ಗ್ರಾಂ ಹತ್ತಿರ ತೂಗುವ ಚೆಂಡು ಗೋಡೆಗೆ ಬಡಿದರೆ ನೇರ ನಿಮ್ಮತ್ತಲೇ ಬರುತ್ತದೆ.

ತೋಟದವರಿಗೆ ನಾನು ಮನೆಗಿಂತ ಹಳೆಯ ಗೋದಾಮನ್ನೇ ತೋರಿಸುತ್ತೇನೆ. ಹೆಂಚಿನ ಮಾಡು ಎತ್ತರವಾಗಿರುತ್ತದೆ. ಅಡ್ಡತೊಲೆ ಎಲ್ಲಿದೆ ಎಂದು ನೋಡಿಕೊಂಡು ಚಾಪೆ ಹಾಕಿದರಾಯಿತು. ತೊಲೆ ಅಡ್ಡ ಬಂತೆಂದು ಎಂಜಿನಿಯರನ್ನು ಕೇಳದೆ ಕೊಯ್ಯಿಸಬೇಡಿ. ಜೂನ್‌ನಿಂದ ಥಂಡಿ ಏರುವುದರಿಂದ ತೇವ ಹೀರುವ ಯಂತ್ರ ಇಡಲೇಬೇಕು, ಇಲ್ಲದಿದ್ದರೆ ಪರದೆಗೂ ಪ್ರೊಜೆಕ್ಟರಿನ ಮಸೂರಕ್ಕೂ ಬೂಷ್ಟು ಹಿಡಿಯುತ್ತದೆ. ಗೋದಾಮೂ ಇಲ್ಲ, ಎತ್ತರವೂ ಇಲ್ಲ ಎನ್ನುವವರು ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಆಡುವ ಪಟ್ಟಿಂಗ್ ಚಾಪೆ ಹಾಸಿಕೊಳ್ಳಲಿ. ಅದಕ್ಕೆ ಎಂಟು ಅಡಿ ಧಾರಾಳ, ನನ್ನನ್ನು ಕರೆಯುವ ಅಗತ್ಯವೂ ಇಲ್ಲ.