ಕನ್ನಡ ಕಲಿಯುವವರು ಮೊದಲು ಯಾವ ಊರಿಗೆ ಹೋಗಬೇಕು?

ಹೊರಗಿನಿಂದ ಬೆಂಗಳೂರಿಗೆ ಬಂದವರಿಗೆ ಕನ್ನಡ ಹೇಳಿಕೊಡುವುದು ನನ್ನ ಕೆಲಸ. ಎರಡು ಮೂರು ತಿಂಗಳ ಪಾಠ ಮುಗಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ದೂರು: "ಮೇಡಂ, ನಾನು ಕನ್ನಡದಲ್ಲಿ ಕೇಳಿದ್ರೆ ಅಂಗಡಿಯವರು ಹಿಂದಿಯಲ್ಲಿ ಉತ್ತರ ಕೊಡ್ತಾರೆ." ದೂರು ನಿಜವೇ. ಇಲ್ಲಿನ ಅಂಗಡಿಯವರಿಗೆ ನಾಲ್ಕೈದು ಭಾಷೆ ಬರುತ್ತದೆ. ನೀವು ಸ್ವಲ್ಪ ತಡವರಿಸಿದರೂ ಸಾಕು, ಪಾಪ ಕಷ್ಟಪಡ್ತಿದ್ದಾರೆ ಅಂತ ಅವರು ನಿಮ್ಮ ಭಾಷೆಗೆ ಬಂದುಬಿಡುತ್ತಾರೆ. ಅದು ಒಳ್ಳೆಯತನ. ಆದರೆ ಕಲಿಯುವವರಿಗೆ ಅದರಿಂದ ನಷ್ಟ.

ಹಾಗಾಗಿ ಊರು ಬಿಟ್ಟು ಹೊರಡಿ ಅಂತ ಹೇಳುತ್ತೇನೆ. ಆಗ ಬರುವ ಪ್ರಶ್ನೆ, ಯಾವ ಊರಿಗೆ? "ಎಲ್ಲಿಗಾದರೂ ಹೋಗಿ, ಜನರ ಜೊತೆ ಬೆರೆಯಿರಿ, ಭಾಷೆ ತಾನಾಗಿ ಬರುತ್ತದೆ" ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸುಮ್ನೆ ಹೋದರೆ ಫೋಟೊ ಬರುತ್ತದೆ, ಭಾಷೆ ಬರುವುದಿಲ್ಲ. ಊರುಗಳಿಗೂ ಪಾಠದ ಹಾಗೆ ಒಂದು ಕ್ರಮ ಬೇಕು. ನನ್ನ ಕ್ರಮದಲ್ಲಿ ಮೊದಲು ಮಂಗಳೂರು, ಆಮೇಲೆ ಮಂಡ್ಯ, ಕೊನೆಗೆ ಧಾರವಾಡ.

ಮಂಗಳೂರು ಅಂದರೆ ಬೆಂಗಳೂರಿನವರಿಗೆ ನಗು ಬರುತ್ತದೆ. ಅಲ್ಲಿನವರು ಪುಸ್ತಕದ ಕನ್ನಡ ಮಾತಾಡ್ತಾರೆ ಅಂತ ಸಿನಿಮಾದಲ್ಲೂ ಗೇಲಿ ಮಾಡುತ್ತೇವೆ. ಆದರೆ ಕಲಿಯುವವರಿಗೆ ಬೇಕಾಗಿರುವುದು ಅದೇ. ಅಲ್ಲಿ ಎಷ್ಟೋ ಜನರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯಿಂದ ಬಂದದ್ದು. ಅದಕ್ಕೇ ಅವರ ಕ್ರಿಯಾಪದಗಳು ಜಾಸ್ತಿ ಸವೆದಿಲ್ಲ. ಪಠ್ಯದಲ್ಲಿ "ಬರುತ್ತೇನೆ" ಅಂತ ಕಲಿತವರಿಗೆ ಮಂಗಳೂರಿನ "ಬರ್ತೇನೆ" ತಕ್ಷಣ ಗೊತ್ತಾಗುತ್ತದೆ. ಬೆಂಗಳೂರಿನ "ಬರ್ತೀನಿ" ಒಂದು ಹೆಜ್ಜೆ ದೂರ, ಮಂಡ್ಯದ "ಬತ್ತೀನಿ" ಇನ್ನೂ ದೂರ. ಕಿವಿಗೆ ಮೊದಲ ದಿನವೇ ಧೈರ್ಯ ಬಂದರೆ ಮುಂದಿನದ್ದೆಲ್ಲ ಸುಲಭ.

ಮಂಗಳೂರಿಗೆ ಹಗಲು ರೈಲಿನಲ್ಲೇ ಹೋಗಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಒಂದೊಂದನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಎಣಿಸಿ ಅನ್ನುತ್ತೇನೆ. ಇಪ್ಪತ್ತು ದಾಟುವ ಹೊತ್ತಿಗೆ ಹಿಂದಿಯವರ ಮುಖ ಅರಳುತ್ತದೆ. ಅವರ ಭಾಷೆಯಲ್ಲಿ ನೂರರವರೆಗೆ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಕು. ನಮ್ಮಲ್ಲಿ ಇಪ್ಪತ್ತೊಂದು ಗೊತ್ತಿದ್ದರೆ ಐವತ್ತೊಂದೂ ಗೊತ್ತು. ಅಕ್ಕಪಕ್ಕದ ಪ್ರಯಾಣಿಕರು ಸುಮ್ಮನಿರುವುದಿಲ್ಲ. ಎಣಿಕೆ ತಪ್ಪಿದರೆ ತಿದ್ದುತ್ತಾರೆ, ಆಮೇಲೆ ಯಾವೂರು, ಎಲ್ಲಿ ಕೆಲಸ, ಮದುವೆ ಆಗಿದೆಯಾ ಅಂತ ಶುರುಮಾಡುತ್ತಾರೆ. ಇದಕ್ಕಿಂತ ಒಳ್ಳೆಯ ಸಂಭಾಷಣೆಯ ಪಾಠ ನಾನು ಬರೆಯಲಾರೆ.

ಊರು ತಲುಪಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಕೆಲಸ. ದಾರಿ ಕೇಳುವ ಕೆಲಸ ಮಾತ್ರ ಕೊಡಬಾರದು. ಫೋನಿನಲ್ಲಿ ಮ್ಯಾಪ್ ಇಟ್ಟುಕೊಂಡು ದಾರಿ ಕೇಳುವುದು ನಾಟಕ. ಅಲ್ಲದೆ ಜನ ಬಾಯಿಬಿಟ್ಟು ಹೇಳುವುದಕ್ಕಿಂತ ಕೈ ತೋರಿಸುವುದೇ ಜಾಸ್ತಿ. "ಈ ಹೋಟೆಲಿನಲ್ಲಿ ನೀರುದೋಸೆಗೆ ಯಾವ ಅಕ್ಕಿ ಹಾಕ್ತಾರೆ, ಎಷ್ಟು ಹೊತ್ತು ನೆನೆಸ್ತಾರೆ?" ಇದು ಒಳ್ಳೆಯ ಕೆಲಸ. ಉತ್ತರ ನನಗೂ ಗೊತ್ತಿಲ್ಲ. ಮೊದಲ ಉತ್ತರ ಬಂದಮೇಲೆ ಇನ್ನೆರಡು ಪ್ರಶ್ನೆ ಕೇಳದೆ ಪೂರ್ತಿ ವಿಷಯ ಸಿಗುವುದಿಲ್ಲ. ಮತ್ತೆ ತಮ್ಮ ದೋಸೆಯ ಬಗ್ಗೆ ಮಾತಾಡಲು ಬೇಜಾರು ಮಾಡಿಕೊಳ್ಳುವ ಭಟ್ಟರು ಕಡಿಮೆ.

ಕಲಿಕೆ ಸ್ವಲ್ಪ ಮುಂದುವರಿದವರಿಗೆ ಕರಾವಳಿಯಲ್ಲಿ ಇನ್ನೊಂದು ಲಾಭವಿದೆ. ಮಳೆಗಾಲದಲ್ಲಿ ಅಲ್ಲಲ್ಲಿ ತಾಳಮದ್ದಳೆ, ಅಂದರೆ ಯಕ್ಷಗಾನದ ಮಾತಿನ ರೂಪ, ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತುಕೊಂಡು ಪುರಾಣದ ಪಾತ್ರವಾಗಿ ಅಲ್ಲೇ ಹುಟ್ಟಿಸಿಕೊಂಡು ವಾದ ಮಾಡುತ್ತಾರೆ. ಆ ಮಾತಿನಲ್ಲಿ ಇಂಗ್ಲಿಷ್ ಪದ ನುಸುಳಬಾರದು ಅನ್ನುವುದು ಸಂಪ್ರದಾಯ. ಕಥೆ ಮೊದಲೇ ಗೊತ್ತಿದ್ದರೆ, ಕೃಷ್ಣ ಸಂಧಾನವೋ ವಾಲಿ ವಧೆಯೋ, ಅರ್ಧ ಅರ್ಥವಾಗದಿದ್ದರೂ ವಾದದ ಜಾಡು ಸಿಗುತ್ತದೆ. ಹೊಸಬರನ್ನು ಮಾತ್ರ ಕರೆದುಕೊಂಡು ಹೋಗಬೇಡಿ, ನಿದ್ದೆ ಮಾಡುತ್ತಾರೆ.

ಎರಡನೆಯದು ಮೈಸೂರು ರೈಲಿನ ದಾರಿ: ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ಇಲ್ಲೂ ಪ್ಯಾಸೆಂಜರ್ ರೈಲೇ ಆಗಬೇಕು. ಎಸಿ ಕೋಚಿನಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನನಗೆ ಇಷ್ಟವಾದ ಜಾಗ. ಗೂಡು ತಂದ ರೈತರು ಹರಾಜಿಗೆ, ತೂಕಕ್ಕೆ, ದುಡ್ಡಿಗೆ ಕಾಯುತ್ತಾ ಇರುತ್ತಾರೆ. ಕಾಯುತ್ತಿರುವವರಿಗೆ ಮಾತಾಡಲು ಹೊತ್ತಿರುತ್ತದೆ. ಪ್ರವಾಸಿ ತಾಣದಲ್ಲಿ ಸಿಗುವವರು ವ್ಯಾಪಾರದ ಅವಸರದಲ್ಲಿರುತ್ತಾರೆ. ಕಾಯುತ್ತಿರುವವರು ಸಿಗುವ ಜಾಗ ಹುಡುಕುವುದೇ ಊರಿಗಿಂತ ಮುಖ್ಯವಾದ ಆಯ್ಕೆ ಅನ್ನಬಹುದು.

ಈ ಸೀಮೆಯಲ್ಲಿ ಹಕಾರ ಬಿದ್ದುಹೋಗುತ್ತದೆ. "ಹಾಲು" "ಆಲು" ಆಗುತ್ತದೆ, ಉತ್ತರ ಭಾರತದವರು ಆಲೂಗಡ್ಡೆ ಹುಡುಕುತ್ತಾರೆ. ಮಹಾಪ್ರಾಣವೂ ಅಷ್ಟಕ್ಕಷ್ಟೇ. ತಮಿಳರಿಗೆ ಇದು ಸುಖ. ಕ್ಲಾಸಿನಲ್ಲಿ ಖ, ಘ ಅಂತ ಒದ್ದಾಡುತ್ತಿದ್ದವರು ಇಲ್ಲಿ ಊರಿನವರ ಹಾಗೇ ಕೇಳಿಸುತ್ತಾರೆ. ಹಿಂದಿಯವರ ಎಡವಟ್ಟು ಬೇರೆ. ವಸ್ತುಗಳಿಗೂ ಗಂಡು ಹೆಣ್ಣು ಹಚ್ಚುವ ಅಭ್ಯಾಸದಿಂದ "ಬಸ್ ಬಂದಳು" ಅನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಕ್ಕು "ಬಂತು ಅನ್ನಿ ಸ್ವಾಮಿ" ಅಂದರೆ ಜನ್ಮದಲ್ಲಿ ಮರೆಯುವುದಿಲ್ಲ. ಮಲಯಾಳಿಗಳ ಭಾಷೆಯಲ್ಲಿ ನಾನು, ನೀನು, ಅವರು ಎಲ್ಲಕ್ಕೂ ಒಂದೇ ಕ್ರಿಯಾರೂಪ. ಅವರಿಗೆ ಬರ್ತೀನಿ, ಬರ್ತೀಯ, ಬರ್ತಾರೆ ಮೂರನ್ನೂ ಆತುರದಲ್ಲಿ ಬೇರೆ ಮಾಡುವುದೇ ಪರೀಕ್ಷೆ. ನಿಧಾನವಾಗಿ ಬರೆಸಿದರೆ ಈ ತಪ್ಪುಗಳು ಅಷ್ಟಾಗಿ ಕಾಣುವುದಿಲ್ಲ. ಬಸ್ ಹೊರಟಾಗ ಕಾಣುತ್ತವೆ.

ಒಂದು ಎಚ್ಚರಿಕೆ. ಮಂಡ್ಯದಲ್ಲಿ "ಏನ್ಲಾ" ಕೇಳಿ ಖುಷಿಯಾಗಿ ಅದನ್ನೇ ಕಂಡಕ್ಟರ್ ಮೇಲೆ ಪ್ರಯೋಗಿಸುವವರಿದ್ದಾರೆ. ಅದು ಸಲಿಗೆ ಇರುವ ಕಡೆ ಮಾತ್ರ. ಗೊತ್ತಿಲ್ಲದವರಿಗೆ "ಅಣ್ಣ", "ಅಕ್ಕ", ವಯಸ್ಸಾದವರಿಗೆ "ಯಜಮಾನ್ರೆ", "ಅಮ್ಮ". ಜೊತೆಗೆ "ನೀವು". ರೈಲು ಹತ್ತುವ ಮೊದಲೇ ಇಷ್ಟನ್ನು ಗಟ್ಟಿ ಮಾಡಿಸುತ್ತೇನೆ.

ಧಾರವಾಡ ಕೊನೆಗೆ ಯಾಕೆ? ಮರ್ಯಾದೆಯ ಮಟ್ಟಿಗೆ ಅದು ಎಲ್ಲಕ್ಕಿಂತ ಸುಲಭ. ಹೌದ್ರಿ, ಇಲ್ರಿ, ಎಷ್ಟ್ರಿ, ಬರ್ರಿ ಅಂತ ಒಂದು "ರಿ" ಅಂಟಿಸಿದರೆ ಮುಗಿಯಿತು. ಆದರೆ ಕ್ರಿಯಾಪದ ಬೇರೆ ದಾರಿ ಹಿಡಿಯುತ್ತದೆ. "ಮಾಡ್ತಾ ಇದ್ದೀನಿ" ಕಲಿತವರಿಗೆ "ಮಾಡಾಕತ್ತೀನಿ" ಹೊಸ ಭಾಷೆಯಂತೆ ಕೇಳಿಸುತ್ತದೆ. ಮರಾಠಿಯ, ಉರ್ದುವಿನ ಪದಗಳೂ ಜಾಸ್ತಿ. ಆದರೂ ಖಾನಾವಳಿಯಲ್ಲಿ ಕುಳಿತು ಜೋಳದ ರೊಟ್ಟಿ ಹಾಕಿಸಿಕೊಳ್ಳುತ್ತಾ ಬೇಕು, ಬೇಡ, ಸಾಕು, ಇನ್ನೊಂದು ಅನ್ನುವಷ್ಟಕ್ಕೆ ಯಾರೂ ಹೆದರಬೇಕಿಲ್ಲ.

ಈ ಊರೂರಿನ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬರು ಜರ್ಮನಿಯ ಕಿಟ್ಟೆಲ್. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಕೆಲಸಕ್ಕೆ 1853ರಲ್ಲಿ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಬೇರೆ ಬೇರೆ ಕನ್ನಡದ ನಡುವೆ ಬದುಕಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದರಲ್ಲಿ ಕೆಲವು ಪದಗಳ ಪಕ್ಕ ಇದು ಮೈಸೂರು ಕಡೆಯದು, ಇದು ದಕ್ಷಿಣ ಮರಾಠಾ ಸೀಮೆಯದು, ಅಂದರೆ ಧಾರವಾಡದ ಕಡೆಯದು, ಅಂತ ಗುರುತು ಹಾಕಿದ್ದಾರೆ. ಅಂಥ ಗುರುತು ನಮ್ಮ ಇವತ್ತಿನ ಕನ್ನಡ ಕಲಿಕೆಯ ಪುಸ್ತಕಗಳಲ್ಲೂ ಜಾಸ್ತಿ ಇರಬೇಕಿತ್ತು ಅಂತ ನನಗನ್ನಿಸುತ್ತದೆ.

ವಾಪಸ್ ಬಂದ ವಾರ ನಾನು ಹೊಸ ಪಾಠ ಮಾಡುವುದಿಲ್ಲ. ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಂಡ ಎರಡು ನಿಮಿಷದ ಮಾತನ್ನು ಅವರೇ ಕೇಳಿ ಬರೆಯಬೇಕು. ಎಲ್ಲಿ ಕಿವಿ ಸೋತಿತು, ಎಲ್ಲಿ ಬಾಯಿ ತಡೆಯಿತು ಅನ್ನುವುದು ಅಲ್ಲಿ ಸಿಗುತ್ತದೆ. ಈ ಕೆಲಸ ಬೇಸರದ್ದು. ಇದನ್ನು ಬಿಟ್ಟರೆ ಪ್ರವಾಸದ ಖರ್ಚು ದಂಡ.

ವಿದೇಶದಿಂದ ರಜೆಗೆ ಬರುವ ನಮ್ಮವರ ಮಕ್ಕಳಿಗೆ ಈ ಕ್ರಮ ಬೇಡ. ಅವರಿಗೆ ಕನ್ನಡ ಕೇಳಿ ಗೊತ್ತು, ಬಾಯಿ ಮಾತ್ರ ತೆರೆದಿಲ್ಲ. ನೇರವಾಗಿ ಅಜ್ಜಿಯ ಊರಿಗೆ ಕಳಿಸಿ. ಇಂಗ್ಲಿಷಿನಲ್ಲಿ ಮಾತಾಡುವ ಅಣ್ಣತಮ್ಮಂದಿರನ್ನು ಜೊತೆಗೆ ಕಳಿಸಬೇಡಿ. ಪಕ್ಕದ ಅಂಗಡಿಗೆ ಒಬ್ಬರನ್ನೇ ಕಳಿಸಿ, ಪಟ್ಟಿ ಬರೆದುಕೊಡದೆ ಬಾಯಲ್ಲೇ ಹೇಳಿ. ಐದು ಸಾಮಾನಿನಲ್ಲಿ ಮೂರು ಬಂದರೂ ಅವತ್ತಿನ ಪಾಠ ಆಯ್ತು. ಉಳಿದ ಎರಡಕ್ಕೆ ಮತ್ತೆ ಅವರನ್ನೇ ಕಳಿಸಿ.