ಬಾಣಂತನ ಯಾವ ಊರಲ್ಲಿ?

ನಮ್ಮ ಕಡೆ ಮಗಳಿಗೆ ಏಳು ತಿಂಗಳು ತುಂಬಿತು ಅಂದರೆ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಬಾಣಂತನ ಎಲ್ಲಿ? ದೊಡ್ಡಮ್ಮನ ಮಗಳು ಬೆಂಗಳೂರಿನಲ್ಲಿದ್ದಳು. ದೊಡ್ಡಮ್ಮನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಸಾಕಷ್ಟು ಒಳಗೆ. "ಇಲ್ಲಿ ಗುಡ್ಡದ ಅಬ್ಬಿ ನೀರು, ಒಳ್ಳೆ ಗಾಳಿ. ಆ ಧೂಳಲ್ಲಿ ಯಾರಾದ್ರೂ ಕೂಸು ಬೆಳೆಸ್ತಾರಾ?" ಅಂತ ದೊಡ್ಡಮ್ಮ. "ಅತ್ತೆ, ರಾತ್ರಿ ಏನಾದ್ರೂ ಆದ್ರೆ ಶಿವಮೊಗ್ಗಕ್ಕೆ ಎರಡು ಗಂಟೆ ದಾರಿ" ಅಂತ ಅಳಿಯ.

ಸುಮ್ನೆ ಮನೆ ಜಗಳ ಅನಿಸಬಹುದು. ಆದರೆ ಊರು ದೊಡ್ಡದಾದಷ್ಟೂ ಕೂಸಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ಅಷ್ಟರಲ್ಲಿ ಉತ್ತರವೂ ಒಮ್ಮೆ ಮಗುಚಿ ಬಿದ್ದಿದೆ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಫಾರ್ ಎಂಬ ಲೆಕ್ಕಿಗ ಜನನ ಮರಣದ ದಾಖಲೆ ಹಿಡಿದು ಕೂತಿದ್ದ. ಜನ ಒತ್ತಾಗಿರುವ ಕಡೆ ಸಾವೂ ಜಾಸ್ತಿ ಎಂದು ಅಂಕಿ ಸಮೇತ ತೋರಿಸಿದ. 1900ರ ಹೊತ್ತಿಗೂ ಆ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 150 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ದೊಡ್ಡ ಪಟ್ಟಣಗಳ ಬಡ ಕೇರಿಗಳಲ್ಲಿ ಇನ್ನೂ ಜಾಸ್ತಿ. ಬೇಸಿಗೆ ಬಂದರೆ ವಾಂತಿ ಭೇದಿ. ಬೀದಿ ತುಂಬ ಕುದುರೆ ಲದ್ದಿ, ಅದರ ಮೇಲಿನ ನೊಣವೇ ಹಾಲಿನ ಬಾಟಲಿಯ ಮೇಲೂ. ಆ ಕಾಲದಲ್ಲಿ ದೊಡ್ಡಮ್ಮ ಗೆಲ್ಲುತ್ತಿದ್ದರು.

ಅಲ್ಲಿ ಗೆಲ್ಲುತ್ತಿದ್ದರು, ಮಲೆನಾಡಿನಲ್ಲಿ ಅಲ್ಲ. ನಮ್ಮಲ್ಲಿ ಗಾಳಿ, ನೀರು, ನೆರಳು ಎಲ್ಲ ಇತ್ತು, ಜೊತೆಗೆ ಚಳಿಜ್ವರವೂ ಇತ್ತು. ಬಸುರಿಗೆ ಮಲೇರಿಯಾ ಬಂದರೆ ಅದರ ರೋಗಾಣು ಗರ್ಭದೊಳಗಿನ ಮಾಸಿನಲ್ಲೇ (ಪ್ಲಾಸೆಂಟಾ) ಬೀಡು ಬಿಡುತ್ತದೆ. ಕೂಸಿಗೆ ಹೋಗಬೇಕಾದ ಪೋಷಣೆ ತಪ್ಪಿ, ಹುಟ್ಟುವಾಗಲೇ ತೂಕ ಕಮ್ಮಿ. ಘಟ್ಟದ ಈ ಊರುಗಳಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೆ ಮುಂದೆ ನೋಡುತ್ತಿದ್ದರಂತೆ. ಅಜ್ಜಿ ಹೇಳುತ್ತಿದ್ದ ಮಾತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಮನೆ ಮನೆಗೆ ಡಿಡಿಟಿ ಹೊಡೆದ ಮೇಲೆ ನಮ್ಮ "ಒಳ್ಳೆ ಗಾಳಿ" ನಿಜವಾಗಿ ಒಳ್ಳೆಯದಾಯ್ತು.

ಅತ್ತ ಪಟ್ಟಣಗಳು ನೀರನ್ನು ಸರಿಮಾಡಿಕೊಂಡವು. ಬೆಂಗಳೂರಿಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದದ್ದು 1890ರ ದಶಕದಲ್ಲಿ. 1898ರಲ್ಲಿ ಪ್ಲೇಗು ಬಡಿದ ಮೇಲೆ ಒತ್ತೊತ್ತಾದ ಪೇಟೆಯಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಮೆರಿಕದ ಜೆರ್ಸಿ ಸಿಟಿ 1908ರಲ್ಲಿ ಇಡೀ ಊರಿನ ನೀರಿಗೆ ಕ್ಲೋರಿನ್ ಬೆರೆಸತೊಡಗಿತು. ತಕ್ಕಡಿ ನಿಧಾನಕ್ಕೆ ಆಚೆ ವಾಲಿತು. ನಮ್ಮ ದೇಶದ 2020ರ ಲೆಕ್ಕದಲ್ಲಿ ಒಂದು ವರ್ಷದೊಳಗಿನ ಸಾವು ಹಳ್ಳಿಯಲ್ಲಿ ಸಾವಿರಕ್ಕೆ 31, ನಗರದಲ್ಲಿ 19.

ಅಂದರೆ ಅಳಿಯ ಗೆದ್ದನಾ? ಪೂರ್ತಿ ಅಲ್ಲ. ಆ "ನಗರ" ಎಂಬ ಒಂದೇ ಪದದೊಳಗೆ ಬೆಂಗಳೂರೂ ಇದೆ, ಮಲೆನಾಡಿನ ಪುಟ್ಟ ಹೊಸನಗರವೂ ಇದೆ.

ಇಲ್ಲಿ ಒಂದು ಚೆಂದದ ಗಣಿತ ಬರುತ್ತದೆ. 2007ರಲ್ಲಿ ಲೂಯಿಸ್ ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಎಂಬ ಭೌತವಿಜ್ಞಾನಿಗಳು ಮತ್ತು ಸಂಗಡಿಗರು ಅಮೆರಿಕ, ಚೀನಾ, ಯುರೋಪಿನ ಪಟ್ಟಣಗಳ ಅಂಕಿಗಳನ್ನು ಕಲೆಹಾಕಿ ನೋಡಿದರು. ಊರಿನ ಜನಸಂಖ್ಯೆ ದುಪ್ಪಟ್ಟಾದರೆ ರಸ್ತೆ, ವಿದ್ಯುತ್ ತಂತಿ, ಪೆಟ್ರೋಲ್ ಬಂಕ್ ದುಪ್ಪಟ್ಟಾಗಬೇಕಿಲ್ಲ, ಹೆಚ್ಚುಕಮ್ಮಿ 1.8 ಪಟ್ಟು ಸಾಕು. ಆದರೆ ಸಂಬಳ, ಹೊಸ ಆವಿಷ್ಕಾರ, ಹಾಗೇ ಅಪರಾಧ, ಅಂಟುರೋಗ ಇವೆಲ್ಲ ದುಪ್ಪಟ್ಟಿಗೂ ಮೀರಿ ಸುಮಾರು 2.2 ಪಟ್ಟಾಗುತ್ತವೆ.

ಮೊದಲ ಲೆಕ್ಕ ನಮಗೆ ಕಣ್ಣೆದುರೇ ಇದೆ. ದೊಡ್ಡಮ್ಮನ ಮನೆಗೆ ಅಬ್ಬಿ ನೀರು ಬರುವುದು ಅರ್ಧ ಕಿಲೋಮೀಟರ್ ದೂರದಿಂದ. ಮೊದಲು ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ. ಪಕ್ಕದ ಮನೆಗೆ ಇನ್ನೊಂದು ಗುಡ್ಡ, ಇನ್ನೊಂದು ಅರ್ಧ ಕಿಲೋಮೀಟರ್ ಪೈಪು. ಶಿವಮೊಗ್ಗದಲ್ಲಿ ಅಷ್ಟೇ ಪೈಪಿಗೆ ಒಂದು ಬೀದಿಯ ಮನೆಗಳೆಲ್ಲ ನೀರು ಹಿಡಿಯುತ್ತವೆ. ನೀರು ಶುದ್ಧ ಮಾಡುವ ಖರ್ಚೂ ಹಂಚಿ ಹೋಗುತ್ತದೆ. ಅಬ್ಬಿ ನೀರಿಗೆ ಕ್ಲೋರಿನ್ ಹಾಕುವವರು ಯಾರು? ಕನ್ನಡಿ ಹಾಗೆ ತಿಳಿಯಾಗಿರುತ್ತದೆ ನಿಜ. ಆದರೆ ಮೇಲೆ ದನ ಮೇಯುತ್ತವೆ, ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಯುತ್ತಾರೆ. ತಿಳಿ ನೀರೆಲ್ಲ ಒಳ್ಳೆ ನೀರಲ್ಲ ಅಂತ ದೊಡ್ಡಮ್ಮನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಎರಡನೇ ಲೆಕ್ಕಕ್ಕೆ ದಡಾರದ ಕಥೆ ನೋಡಿ. ಒಮ್ಮೆ ದಡಾರ ಬಂದು ಹೋದವರಿಗೆ ಅದು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಹಾಗಾಗಿ ಅದಕ್ಕೆ ಹೊಸ ಉರುವಲು ಬೇಕು, ಆ ಉರುವಲು ಅಂದರೆ ಹೊಸದಾಗಿ ಹುಟ್ಟಿದ ಕೂಸುಗಳೇ. ಸಣ್ಣ ಊರಲ್ಲಿ ಉರುವಲು ಬೇಗ ಮುಗಿದು ಬೆಂಕಿ ಆರುತ್ತದೆ. ಮುಂದೆ ಯಾರೋ ಹೊರಗಿಂದ ತಂದು ಹಚ್ಚಬೇಕು. ದೊಡ್ಡ ಊರಲ್ಲಿ ದಿನವೂ ಹೆರಿಗೆ, ಬೆಂಕಿ ಆರುವುದೇ ಇಲ್ಲ. ಆ ಗೆರೆ ಎಲ್ಲಿದೆ ಅಂತ ಎಂ. ಎಸ್. ಬಾರ್ಟ್ಲೆಟ್ ಎಂಬ ಸಂಖ್ಯಾಶಾಸ್ತ್ರಜ್ಞ 1957ರಲ್ಲಿ ಇಂಗ್ಲೆಂಡಿನ ಪಟ್ಟಣಗಳಲ್ಲಿ ಹುಡುಕಿದಾಗ ಸಿಕ್ಕ ಉತ್ತರ ಎರಡೂವರೆ, ಮೂರು ಲಕ್ಷ ಜನ.

ಶಿವಮೊಗ್ಗದ ಜನಸಂಖ್ಯೆ 2011ರಲ್ಲಿ 3 ಲಕ್ಷ 22 ಸಾವಿರ. ಲಸಿಕೆ ಇಲ್ಲದ ಲೋಕದಲ್ಲಿ ನಮ್ಮ ಶಿವಮೊಗ್ಗ ಸರಿಯಾಗಿ ಆ ಹೊಸ್ತಿಲಿನ ಮೇಲೆ ನಿಂತಿರುತ್ತಿತ್ತು. ಇದರಲ್ಲಿ ಇನ್ನೊಂದು ಕೆಡುಕಿದೆ. ತಾಯಿಯಿಂದ ಬಂದ ರಕ್ಷಣೆ ಆರೇಳು ತಿಂಗಳಿಗೆ ಇಳಿಯತೊಡಗುತ್ತದೆ. ಜನ ಒತ್ತಾಗಿರುವ ದೊಡ್ಡ ಊರಲ್ಲಿ ದಡಾರ ಆಗಲೇ ಬಾಗಿಲಲ್ಲಿ ಕಾಯುತ್ತಿರುತ್ತದೆ. ಅಷ್ಟು ಎಳೆ ಮೈಗೆ ಬಂದರೆ ಜೀವಕ್ಕೇ ಕುತ್ತು. ಹಳ್ಳಿಯಲ್ಲಾದರೆ ಮಗು ಓಡಾಡುವಷ್ಟು ದೊಡ್ಡದಾಗುವವರೆಗೂ ಅದು ಬರದೇ ಇರಬಹುದು. ಒಂಬತ್ತು ತಿಂಗಳಿಗೆ ದಡಾರದ ಮೊದಲ ಚುಚ್ಚುಮದ್ದು, ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದು ಅಂತ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಬೆನ್ನು ಹತ್ತುವುದು ಈ ಉರುವಲನ್ನೇ ಇಲ್ಲದಂತೆ ಮಾಡಲು.

ಹಾಗಾಗಿ ನನ್ನ ಚಿಂತೆ ಬೆಂಗಳೂರಿನ ಬಗ್ಗೆ ಅಲ್ಲ, ಹಳ್ಳಿಯ ಬಗ್ಗೆಯೂ ಅಷ್ಟಿಲ್ಲ. ನಡುವಿನ ಊರುಗಳ ಬಗ್ಗೆ. ವಿಶ್ವಸಂಸ್ಥೆಯ 2018ರ ಲೆಕ್ಕದ ಪ್ರಕಾರ ಜಗತ್ತಿನ ನಗರವಾಸಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ಇರುವುದು ಐದು ಲಕ್ಷಕ್ಕಿಂತ ಚಿಕ್ಕ ಊರುಗಳಲ್ಲಿ. ಬಾವಿ, ಹಿತ್ತಲು ಮುಚ್ಚಿ ಮನೆ ಕಟ್ಟಿಯಾಗಿದೆ, ಒಳಚರಂಡಿ ಇನ್ನೂ ಪೂರ್ತಿ ಬಂದಿಲ್ಲ. ದೊಡ್ಡ ಊರಿನ ಜಂಗುಳಿ ಬಂತು, ದೊಡ್ಡ ಊರಿನ ಉಳಿತಾಯ ಬರಲಿಲ್ಲ. ತುಂಗೆ ಶೃಂಗೇರಿ ದಾಟಿ ತೀರ್ಥಹಳ್ಳಿಗೆ, ಅಲ್ಲಿಂದ ಗಾಜನೂರಿಗೆ, ಆಮೇಲೆ ಶಿವಮೊಗ್ಗಕ್ಕೆ ಬರುತ್ತಾಳೆ. ಮೇಲಿನ ಊರಿನ ಬಚ್ಚಲ ನೀರು ಕೆಳಗಿನ ಊರಿನ ಕುಡಿಯುವ ನೀರಿಗೆ ಸೇರದ ಹಾಗೆ ನೋಡಿಕೊಳ್ಳಲು ದುಡ್ಡು ಬೇಕು. ತುಂಗಾ ಪಾನ, ಗಂಗಾ ಸ್ನಾನ ಅಂದವರ ಕಾಲದಲ್ಲಿ ದಂಡೆಯ ಮೇಲೆ ಇಷ್ಟು ಜನ ಇರಲಿಲ್ಲ, ಅಲ್ವಾ?

ಅಕ್ಕನ ಕಥೆ ಉಳಿಯಿತು. ದೊಡ್ಡಮ್ಮನ ಮಾತೇ ನಡೆದು ಅವಳು ತವರಿಗೆ ಬಂದಳು. ಜುಲೈ, ಜಡಿಮಳೆ. ದಿನ ತುಂಬಲು ಇನ್ನೂ ಐದು ವಾರ ಇರುವಾಗಲೇ ನೋವು ಬಂತು. ತಾಲ್ಲೂಕಿನಲ್ಲೇ ಹೆರಿಗೆ ಆಯ್ತು. ಕೂಸು ಒಂದು ಕಿಲೋ ಎಂಟುನೂರು ಗ್ರಾಂ. ಉಸಿರಾಟ ಸ್ವಲ್ಪ ಜೋರು, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ದೇಶದ ಅದೇ 2020ರ ಲೆಕ್ಕದಲ್ಲಿ, ಹುಟ್ಟಿದ ಸಾವಿರದಲ್ಲಿ ಒಂದು ವರ್ಷದೊಳಗೆ ಹೋದ 28 ಕೂಸುಗಳಲ್ಲಿ 20 ಹೋದದ್ದು ಮೊದಲ ತಿಂಗಳಲ್ಲೇ. ಅಲ್ಲಿ ದೂರವೇ ಕಾಯಿಲೆ.

ಆಂಬುಲೆನ್ಸ್ ಹತ್ತುವ ಮೊದಲು ಸಿಸ್ಟರ್ ಕೂಸಿನ ಬಟ್ಟೆ ಬಿಚ್ಚಿ, ಟೋಪಿ ಮಾತ್ರ ಉಳಿಸಿ, ಅಕ್ಕನ ಎದೆಗೆ ಮೈಗೆ ಮೈ ತಾಗುವ ಹಾಗೆ ಕಟ್ಟಿದರು. ಮೇಲೊಂದು ಶಾಲು. ಇದು ಕೊಲಂಬಿಯಾದ ಬೊಗೊಟದಲ್ಲಿ 1978ರಲ್ಲಿ ಶುರುವಾದ ಉಪಾಯ. ಇನ್‌ಕ್ಯುಬೇಟರ್ ಸಾಲದೆ ಎಡ್ಗರ್ ರೇ ಎಂಬ ವೈದ್ಯರು ತಾಯಂದಿರನ್ನೇ ಇನ್‌ಕ್ಯುಬೇಟರ್ ಮಾಡಿದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಹೀಗೆ ಕಟ್ಟಿದರೆ ಕಡಿಮೆ ತೂಕದ ಕೂಸುಗಳ ಸಾವು ಕಾಲು ಭಾಗ ಇಳಿದಿತ್ತು.

ಮಂಡಗದ್ದೆ ಹತ್ತಿರ ಮರ ಬಿದ್ದಿತ್ತು. ಊರಿನ ಹುಡುಗರು ಗರಗಸ ತಂದು ಕೊಯ್ದು ದಾರಿ ಬಿಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಅಕ್ಕ ಅಲುಗಾಡಲಿಲ್ಲ. ಶಿವಮೊಗ್ಗ ಮುಟ್ಟಿದಾಗ ಕೂಸಿನ ಮೈ ಬೆಚ್ಚಗೇ ಇತ್ತು. ಹದಿನೈದು ದಿನ ಅಲ್ಲೇ ಇದ್ದರು.

ಎರಡನೇ ದಿನ ನಾನು ಹೋದಾಗ ದೊಡ್ಡಮ್ಮ ಆಸ್ಪತ್ರೆ ಎದುರಿನ ಅಂಗಡಿಯಿಂದ ನೀರಿನ ಬಾಟಲಿ ಹಿಡಿದುಕೊಂಡು ಬರುತ್ತಿದ್ದರು. ಕೂಸು ಹೇಗಿದೆ ಅಂದೆ. "ಹಾಲು ಕುಡೀತು" ಅಂದರು. ಆಮೇಲೆ ಬಾಟಲಿ ಎತ್ತಿ ತೋರಿಸಿ, "ಇಪ್ಪತ್ತು ರೂಪಾಯಿ ನೋಡು ಇದಕ್ಕೆ. ತುಂಗೆ ದಂಡೇಲಿ ಕೂತ್ಕೊಂಡು!" ಅಂದರು.